ಕನ್ನಡಕದ ಷಹಜಾದಾ

ಪೇಶಾವರದ ಗಂಟೆಗೋಪುರದ ಹತ್ತಿರ ಕನ್ನಡಕ ಮಾರುತ್ತಿದ್ದ ಮೆಹ್ರಾಬ್ ಖಾನನನ್ನು ಬಜಾರಿನವರು ಷಹಜಾದಾ, ಅಂದರೆ ರಾಜಕುಮಾರ, ಎಂದೇ ಕರೆಯುತ್ತಿದ್ದರು. ಕರೆಯುವುದು ತಮಾಷೆಗೆ; ಮಾತು ಮಾತ್ರ ಸುಳ್ಳಲ್ಲ. ಒಂದು ಕಾಲಕ್ಕೆ ಕಾಬೂಲನ್ನಾಳಿದ ಸದೋಜೈ ಮನೆತನದ ಕವಲಿನ ಕುಡಿ ಅವನು. ರಾಜ್ಯ ಹೋಗಿ ಏಳು ತಲೆಮಾರು ಕಳೆದಿದ್ದವು. ಉಳಿದದ್ದು ವಂಶಾವಳಿ ಬರೆದ ಒಂದು ಮಾಸಿದ ಬಟ್ಟೆ, ಜೊತೆಗೊಂದು ಹಗೆ.

ಸಿಂಹಾಸನದ ಜಗಳದಲ್ಲಿ ಅವನ ಪೂರ್ವಜನೊಬ್ಬ ದಾಯಾದಿಯ ಕಣ್ಣು ಕೀಳಿಸಿದ್ದ. ಆ ದಾಯಾದಿಯ ವಂಶದವರೂ ಅದೇ ಊರಲ್ಲಿ, ಮೂರು ಗಲ್ಲಿ ಆಚೆ ಇದ್ದರು. ಅಂದಿನಿಂದ ಎರಡು ಮನೆಗಳ ನಡುವೆ ಹೆಣ್ಣು ಕೊಟ್ಟು ತಂದದ್ದಿಲ್ಲ. ಈಗ ಆ ಮನೆಯ ಹುಡುಗ, ಶಾಲಾ ಮೇಷ್ಟ್ರು ಜರಾವರ್, ಮೆಹ್ರಾಬನ ಮಗಳು ಸ್ಪೋಗ್ಮೈಯನ್ನೇ ಮದುವೆಯಾಗುತ್ತೇನೆಂದು ಹಟ ಹಿಡಿದಿದ್ದ. ಮಗಳಿಗೂ ಮನಸ್ಸಿತ್ತು. ಆದರೆ ಹುಡುಗನ ಅಜ್ಜಿ ದುರ್ಖಾನೈ ಹೂಂ ಅನ್ನದೆ ಆ ಮನೆಯಲ್ಲಿ ಹುಲ್ಲುಕಡ್ಡಿ ಅಲುಗದು.

ಹಗೆಯವನ ಹೊಸ್ತಿಲಿಗೆ ಕುರಿಯೊಂದಿಗೆ ತಾನೇ ಹೋಗಿ ಕ್ಷಮೆ ಕೇಳುವುದು ಪಠಾಣರ ಪದ್ಧತಿ; ಆ ಮನೆಯವರು ಕುರಿ ಕಡಿದರೆ ಕ್ಷಮಿಸಿದಂತೆ. ಮೆಹ್ರಾಬ್ ಕುರಿಯೊಂದನ್ನು ಹಿಡಿದು ಹೊರಟ.

"ಏನು ಷಹಜಾದಾ, ದಂಡು ಕಟ್ಕೊಂಡು ಹೊರಟ್ರಾ?" ಕಬಾಬಿನವನು ಕೂಗಿದ.

"ಹೂಂ ಕಣಯ್ಯಾ. ದಂಡು ಇಷ್ಟೇ. ನಾನು, ಈ ಕುರಿ."

ಆ ಮನೆಯ ಅಂಗಳದ ಮಂಚದ ಮೇಲೆ ಮುದುಕಿ ದುರ್ಖಾನೈ ಕೂತಿದ್ದಳು. ಪಕ್ಕದಲ್ಲಿ ಅವಳ ಹಿರಿಮಗ, ಹುಡುಗನ ತಂದೆ.

"ಯಾರದು?"

"ನಾನು ತಾಯಿ, ಮೆಹ್ರಾಬ. ನಮ್ಮ ಹಿರೀಕರು ಮಾಡಿದ್ದಕ್ಕೆ ತಲೆ ಬಗ್ಗಿಸೋಕೆ ಬಂದಿದೀನಿ."

"ಹತ್ರ ಬಾ. ನಿಮ್ಮ ಮನೆಯವರ ಮುಖ ಹೇಗಿರುತ್ತೆ ನೋಡೋಣ."

ಅವನು ಬಗ್ಗಿದ. ಮುದುಕಿಯ ಕನ್ನಡಕದ ಕಡ್ಡಿ ಸಡಿಲವಾಗಿ ಗಾಜು ಕೆನ್ನೆಗೆ ಜಾರಿತ್ತು. ಮೂವತ್ತು ವರ್ಷದ ರೂಢಿ. ಕೈ ತಾನಾಗಿ ಅವಳ ಕಣ್ಣಿನತ್ತ ಚಾಚಿತು.

"ಏಯ್! ಕೈ ತೆಗಿ!" ಹಿರಿಮಗ ಗುಡುಗಿದ.

ಯಾವ ಮನೆಯ ಕೈ ಯಾವ ಮನೆಯ ಕಣ್ಣಿಗೆ ಹೋಗಿತ್ತೆಂದು ಮೆಹ್ರಾಬನಿಗೆ ಆಗ ಹೊಳೆಯಿತು. ಮದುವೆ ಮುರಿದೇ ಬಿತ್ತು ಅಂದುಕೊಂಡ.

"ಬಿಡೋ ಅವನನ್ನ," ಎಂದಳು ಮುದುಕಿ. "ಎಂಬತ್ತು ವರ್ಷದ ಕಣ್ಣು, ಕಿತ್ಕೊಂಡು ಏನು ಮಾಡ್ತಾನೆ?"

ಅವನು ಕನ್ನಡಕ ತೆಗೆದು, ಸ್ಕ್ರೂ ಬಿಗಿದು, ಗಾಜನ್ನು ಪೇಟದ ಚುಂಗಿನಿಂದ ಒರೆಸಿ, ಮತ್ತೆ ಮೂಗಿನ ಮೇಲೆ ಕೂರಿಸಿದ. ಅವಳು ಬಹಳ ಹೊತ್ತು ನೋಡಿದಳು.

"ಅಯ್ಯೋ, ಇವನ ಗಡ್ಡವೂ ನರೆತು ಹೋಗಿದೆಯಲ್ಲೋ! ನಾನು ಯಾರೋ ರಾಕ್ಷಸ ಬರ್ತಾನೆ ಅಂದ್ಕೊಂಡಿದ್ದೆ." ಮಗನತ್ತ ತಿರುಗಿದಳು. "ಮಿಕಮಿಕ ನೋಡ್ತೀಯಲ್ಲ, ಕುರಿ ಕಡಿಸು. ಶುಕ್ರವಾರ ಹೆಣ್ಣು ಕೇಳೋಕೆ ನಾನೇ ಹೋಗ್ತೀನಿ."

ಮೆಹ್ರಾಬ್ ಮಂಚದ ಕಾಲು ಹಿಡಿದು ಅಲ್ಲೇ ನೆಲದ ಮೇಲೆ ಕೂತ. ಹಿರಿಮಗ ಹಸಿರು ಚಹಾ ತಂದುಕೊಟ್ಟು, ಅಮ್ಮನಿಗೆ ಕೇಳಿಸದ ಹಾಗೆ ಹೇಳಿದ:

"ನಂಗೂ ಈಚೆಗೆ ಅಕ್ಷರ ಮಸುಕಾಗ್ತಿದೆ..."

"ನಾಳೆ ಅಂಗಡಿಗೆ ಬನ್ನಿ, ಬೀಗರೇ," ಎಂದ ಮೆಹ್ರಾಬ್.