ಚಿಕ್ಕಬೋರಮ್ಮನ ಅಗುಳಿ

ಕಕ್ಕಸಿನ ಬಾಗಿಲಿಗೆ ಬೀಗ ಹಾಕುವುದು ಕಳ್ಳರ ಭಯಕ್ಕೆ ಎಂದು ಚಲುವರಾಜು ಇಪ್ಪತ್ತೊಂದು ವರ್ಷದವರೆಗೂ ನಂಬಿದ್ದ. ತೊಣ್ಣೂರಿನಲ್ಲಿ ಅವನ ಮನೆಯವರೆಲ್ಲ ಚೊಂಬು ಹಿಡಿದು ಬಯಲಿಗೆ ಹೋಗುವವರು. ಅವನು ಕಣ್ಣಾರೆ ಕಂಡಿದ್ದ ಒಂದೇ ಕಕ್ಕಸು ಮಿಡ್ಲ್‌ಸ್ಕೂಲ್ ಹೆಡ್‌ಮಾಸ್ಟರದು. ಅದಕ್ಕೆ ಹೊರಗಡೆ ಅಂಗೈಯಗಲದ ಬೀಗ ನೇತಾಡುತ್ತಿತ್ತು. ಒಳಗೆ ಏನೋ ಬೆಲೆಬಾಳುವ ಸಾಮಾನು ಇರಬೇಕೆಂದು ಇವನು ಮರ್ಯಾದೆಯಿಂದ ದೂರ ನಿಂತು ನೋಡಿದ್ದ. ಎಸ್ಸೆಸ್ಸೆಲ್ಸಿಗೆ ಎರಡು ಸಲ ಕೂತು, ಎರಡು ಸಲವೂ ಬರಿಗೈಯಲ್ಲಿ ಎದ್ದು ಬಂದು, ಶ್ರೀರಂಗಪಟ್ಟಣದಲ್ಲಿ ಶಿವಲಿಂಗಯ್ಯನವರ ಕಬ್ಬಿಣದ ಅಂಗಡಿಗೆ ಸೇರಿದ ವಾರದಲ್ಲೇ ಗಿರಾಕಿಯೊಬ್ಬರು ಕಕ್ಕಸಿಗೊಂದು ಚಿಲಕ ಕೇಳಿದರು. ಇವನು ಒಳಗೆ ಓಡಿ, ಅಂಗಡಿಯಲ್ಲಿದ್ದ ಅತಿ ದೊಡ್ಡ ಬೀಗವನ್ನು ಹೊತ್ತು ತಂದ.

"ಇದನ್ನ ಹೊರಗಡೆ ಜಡಿದ್ಬುಟ್ರೆ ಯಾವ ಕಳ್ಳನ ಕೈಲೂ ಆಗಕಿಲ್ಲ ಸ್ವಾಮಿ."

"ಕದ್ಕೊಂಡು ಹೋಗೋನು ಸಿಕ್ಕಿದ್ರೆ ಬೀಗ ಯಾಕಯ್ಯ, ನಾನೇ ಕರ್ದು ಮಂಕ್ರಿಗೆ ತುಂಬ್ಕೊಡ್ತೀನಿ," ಅಂದರು ಗಿರಾಕಿ. ಶಿವಲಿಂಗಯ್ಯನವರು ಮೊಳೆ ತೂಗುತ್ತಿದ್ದ ತಕ್ಕಡಿಯನ್ನು ಕೆಳಗಿಟ್ಟು ನಕ್ಕರು.

ಇಂಥ ಚಲುವರಾಜು ಎರಡು ವರ್ಷದಲ್ಲಿ ಚಿಲಕಗಳ ಪಂಡಿತನಾಗಿಬಿಟ್ಟ, ತನ್ನ ಲೆಕ್ಕದಲ್ಲಿ. ಅರವತ್ತೆಂಟನೆಯ ಇಸವಿ, ಕಬ್ಬಿನ ಕಟಾವಿನ ಕಾಲ. ಅರಕೆರೆ ಬಸ್ಸಿನಿಂದ ಇಳಿದ ಹೆಂಗಸೊಬ್ಬಳು ಕೋಲನ್ನು ಕಂಕುಳಲ್ಲಿ ಒತ್ತಿಕೊಂಡು ಅಂಗಡಿಯ ಮೆಟ್ಟಿಲು ಹತ್ತಿ ಬಂದಳು. ಐವತ್ತರ ಹತ್ತಿರದ ವಯಸ್ಸು. ಸೆರಗಿನೊಳಗಿದ್ದ ಎರಡು ಕೈಗಳನ್ನು ತೆಗೆದು ಗಲ್ಲಾಪೆಟ್ಟಿಗೆಯ ಮುಂದಿನ ಹಲಗೆಯ ಮೇಲಿಟ್ಟಳು. ಬಲಗೈಗೆ ಬೆರಳೇ ಇರಲಿಲ್ಲ. ಎಡಗೈಯಲ್ಲಿ ಹೆಬ್ಬೆರಳು, ಕಿರುಬೆರಳು ಎರಡೇ ಉಳಿದಿದ್ದವು. ಚಲುವರಾಜು ಬಾಯಿ ತೆರೆದು ನೋಡುತ್ತಾ ನಿಂತ.

"ನೋಡ್ಕೊಂಬುಡ್ಲಾ ಒಂದ್ಸಲ. ನೋಡಿ ಮುಗುದ್ಮೇಲೆ ಯಾಪಾರ ಮಾಡವ," ಅಂದಳು.

ಅವಳೇ ಚಿಕ್ಕಬೋರಮ್ಮ. ಇಪ್ಪತ್ತು ವರ್ಷದ ಹಿಂದೆ, ಗಂಡ ತೀರಿಕೊಂಡ ವರ್ಷವೇ, ಗಾಣಕ್ಕೆ ಕಬ್ಬು ಕೊಡುತ್ತಿದ್ದಾಗ ಬಲಗೈ ಒಳಗೆ ಹೋಗಿತ್ತು. ಬಿಡಿಸಲು ಹೋದ ಎಡಗೈಯೂ ತನ್ನ ಪಾಲು ಕೊಟ್ಟು ಬಂದಿತ್ತು. ಬೇರೆ ಯಾರಾದರೂ ಆಗಿದ್ದರೆ ಆಲೆಮನೆಯ ಕಡೆ ತಲೆ ಹಾಕಿ ಮಲಗುತ್ತಿರಲಿಲ್ಲ. ಅವಳು ಗಾಯ ಒಣಗುವ ಮುಂಚೆಯೇ ಕೊಪ್ಪರಿಗೆಯ ಪಕ್ಕ ಹೋಗಿ ಕೂತಳು. ಕುದಿಯುವ ಕಬ್ಬಿನ ಹಾಲಿನ ವಾಸನೆಯಲ್ಲೇ ಪಾಕ ಎಲ್ಲಿಗೆ ಬಂತೆಂದು ಹೇಳುತ್ತಿದ್ದಳು. ಅವಳು "ಇಳುಸ್ರೋ" ಅನ್ನದೆ ಅರಕೆರೆಯ ಆ ಆಲೆಮನೆಯಲ್ಲಿ ಕೊಪ್ಪರಿಗೆ ಇಳಿಯುತ್ತಿರಲಿಲ್ಲ. ಮೈದುನ ಕೆಂಪಣ್ಣ ಮನೆಯ ಯಜಮಾನನಾದರೂ ಬೆಲ್ಲದ ವಿಷಯದಲ್ಲಿ ಅತ್ತಿಗೆಯ ಮುಂದೆ ಕೈಕಟ್ಟಿ ನಿಲ್ಲುವವನು.

ಮಂಡಿಗಳು ಹಿಡಿದುಕೊಂಡು, ಬಯಲಿಗೆ ಹೋಗುವುದು ಆಗದ ಮೇಲೆ ಹಿತ್ತಿಲಲ್ಲಿ ಕಕ್ಕಸು ಕಟ್ಟಿಸಿದ್ದೂ ಅವಳೇ. ಕೂರಲು ಎತ್ತರದ ಕಟ್ಟೆ, ಊರಿಕೊಂಡು ಏಳಲು ಗೋಡೆಗೆ ಅಡ್ಡ ಕಂಬಿ. ಎಲ್ಲ ಇತ್ತು, ಒಳಗೆ ಚಿಲಕ ಮಾತ್ರ ಇರಲಿಲ್ಲ. ಕೆಂಪಣ್ಣ ಹಾಕಿಸಲು ಬಿಟ್ಟಿರಲಿಲ್ಲ. ಓರಗಿತ್ತಿ ಸೋಮಮ್ಮ ಬಾಗಿಲ ಹೊರಗೆ ಕಾವಲು ನಿಲ್ಲಬೇಕು. ನಿಂತವಳು ಒಲೆಯ ಮೇಲಿನ ಸಾರು ನೆನಪಾಗಿ ಓಡಬೇಕು. ಹಾಗೆ ಓಡಿದ ಒಂದು ದಿನ ನೆಂಟರ ಪೈಕಿಯ ಗಂಡಸೊಬ್ಬ ಬಾಗಿಲು ತಳ್ಳಿಬಿಟ್ಟ. ಅವತ್ತಿನಿಂದ ಚಿಕ್ಕಬೋರಮ್ಮ ಹಗಲು ಹೊತ್ತು ನೀರು ಕುಡಿಯುವುದನ್ನೇ ಬಿಟ್ಟಿದ್ದಳು.

ಇದಿಷ್ಟನ್ನೂ ಅವಳು ಅಂಗಡಿಯಲ್ಲಿ ಮಳೆ ಬೆಳೆಯ ಸುದ್ದಿಯಂತೆ ಹೇಳಿದಳು. ಚಲುವರಾಜು ಹಿತ್ತಾಳೆಯದೊಂದು ಚಿಲಕ ತೆಗೆದ. ಗುಂಡಗಿನ ಹಿಡಿ, ಕನ್ನಡಿಯಂಥ ಹೊಳಪು. ಎಣ್ಣೆ ಬಿಟ್ಟು ತಳ್ಳಿ ತೋರಿಸಿದ. ಅವಳು ಬಲಗೈಯ ಮೊಂಡಿನಲ್ಲಿ ತಳ್ಳಿದಳು, ಹೋಯಿತು, ಬಂತು.

"ಮರದ ಅಗುಳಿನೇ ವಾಸಿ ಏನೋಪ್ಪ."

"ಅಯ್ಯೋ ಅವ್ವ, ಅಗುಳಿ ದನದ ಕೊಟ್ಟಿಗೇಗೆ. ಇದು ಮೈಸೂರಿನ ಬಂಗ್ಲೆಗಳಲ್ಲಿ ಆಕೋದು," ಅಂದ ಪಂಡಿತ.

ಮಾರನೆಯ ದಿನ ಬೈರಿಗೆ, ಉಳಿ, ತಿರುಪುಮೊಳೆಗಳ ಚೀಲ ಹೊತ್ತು ಅರಕೆರೆಗೆ ಹೋದ. ಹಿತ್ತಿಲಿನಾಚೆಯ ಆಲೆಮನೆಯಿಂದ ಹೊಗೆ ಏಳುತ್ತಿತ್ತು. ಕೆಂಪಣ್ಣ ಚಿಲಕವನ್ನು ತಿರುಗಿಸಿ ಮುರುಗಿಸಿ ನೋಡಿದ.

"ಬೆಳ್ಳೂರಲ್ಲಿ ನಮ್ಮ ದೊಡ್ಡಪ್ಪ ಬಚ್ಚಲಮನೆ ಅಗುಳಿ ಆಕ್ಕೊಂಡು ಒಳಗೇ ಬಿದ್ದೋಗಿದ್ದ. ಬಾಗ್ಲು ಒಡ್ದಾಗ ಉಸ್ರಿರ್ಲಿಲ್ಲ. ಆಗ್ಲಿ, ಅತ್ಗೆವ್ವ ಅಟ ಹಿಡಿದವ್ಳೆ, ಆಕು. ಆದ್ರೆ ಒಂದೇ ಒಂದ್ಸಲ ಒಳಗೆ ಸಿಕ್ಕಾಕ್ಕೊಂಡ್ಳೋ, ಚಿಲ್ಕ ಅಲ್ಲ, ಬಾಗ್ಲನ್ನೇ ಕಿತ್ತು ಒಲೆಗಾಕ್ತೀನಿ. ಗೋಣಿ ತಾಟು ಕಟ್ತೀನಿ." ಹೇಳಿ ಆಲೆಮನೆಗೆ ಹೋದ. ಸೋಮಮ್ಮ ಬುತ್ತಿ ಹೊತ್ತು ಹಿಂದೆಯೇ ಹೋದಳು.

ಚಲುವರಾಜು ಚಿಲಕ ಕೂರಿಸಿದ. ಆದರೆ ಕಕ್ಕಸಿನ ಒಳಗೆ ಪೂರ್ತಿ ಹೋಗಲು ಅವನಿಗೆ ಹೇಸಿಗೆ. ಒಂದು ಕಾಲು ಹೊರಗಿಟ್ಟುಕೊಂಡೇ, ಬಾಗಿಲನ್ನು ಅರ್ಧ ಸರಿಸಿಕೊಂಡು, ಕಣ್ಣಂದಾಜಿನಲ್ಲಿ ಚೌಕಟ್ಟಿಗೆ ತೂತು ಕೊರೆದ. ಬಾಗಿಲು ಮುಚ್ಚಿಕೊಂಡು ತಾನೇ ಒಮ್ಮೆ ತೆಗೆದು ನೋಡಲಿಲ್ಲ. ಅಷ್ಟು ಬುದ್ಧಿಯಿದ್ದರೆ ಎಸ್ಸೆಸ್ಸೆಲ್ಸಿಯೇ ಪಾಸಾಗುತ್ತಿತ್ತು.

ಚಿಕ್ಕಬೋರಮ್ಮ ತಾಮ್ರದ ಚೊಂಬನ್ನು ಮೊಣಕೈಯಲ್ಲಿ ಸಿಕ್ಕಿಸಿಕೊಂಡು ಒಳಗೆ ಹೋದಳು. ಚಿಲಕ ಕಿರ್ರನೆ ಕೂತ ಸದ್ದಾಯಿತು. ಸ್ವಲ್ಪ ಹೊತ್ತಿನ ಮೇಲೆ ಒಳಗಿನಿಂದ ಟಕ್ ಟಕ್ ಎಂದು ಮೊಂಡುಗೈ ಬಡಿಯುವ ಸದ್ದು. ಆಮೇಲೆ ಅದೂ ಇಲ್ಲ.

"ಅವ್ವಾ?"

"ಬತ್ತಾ ಇಲ್ಲ ಕಣ್ಲಾ."

ಹಿತ್ತಿಲ ಪಕ್ಕದ ಕಾಲುವೆಯ ಪಸೆಗೆ ಊದಿಕೊಂಡಿದ್ದ ಬಾಗಿಲು, ಪೂರ್ತಿ ಮುಚ್ಚಿದಾಗ ಜಗ್ಗಿ, ಚಿಲಕವನ್ನು ತೂತಿನಲ್ಲಿ ಕಚ್ಚಿ ಹಿಡಿದಿತ್ತು. ಆ ಗುಂಡು ಹಿಡಿಯನ್ನು ಎಳೆಯಲು ಐದು ಬೆರಳಿನ ಹಿಡಿತ ಬೇಕು.

"ತಡೀರವ್ವ, ಕೆಂಪಣ್ಣನ್ನ ಕೂಗ್ತೀನಿ."

"ಲೇ, ಬಾಯ್ಮುಚ್ಲಾ!" ಬಾಗಿಲಿನ ಸಂದಿಯಿಂದ ಧ್ವನಿ ಬಂತು. "ಕೂಗುದ್ರೆ ನನ್ನ ಬಾಗ್ಲು ಹೋಯ್ತು. ನೀನು ಕೂರ್ಸಿದ್ದು, ನೀನೇ ತೆಗಿ."

ತಿರುಪುಮೊಳೆಗಳು ಒಳಗೆ. ಕೀಲುಗಳೂ ಒಳಗೆ. ಸಂದಿಯಲ್ಲಿ ಉಳಿ ತೂರಿಸಿದ. ಮರ ಸೀಳಿತೇ ಹೊರತು ಚಿಲಕ ಜಗ್ಗಲಿಲ್ಲ. ಇನ್ನೊಂದು ಸಲ ಮೀಟಿದರೆ ಹಲಗೆಯೇ ಒಡೆಯುತ್ತದೆ, ಒಡೆದದ್ದು ಎಲ್ಲರಿಗೂ ಕಾಣುತ್ತದೆ. ಗಾಳಿ ಆಲೆಮನೆಯ ಕಡೆಯಿಂದ ಬೀಸಿತು. ಒಳಗಿನವಳು ಮೂಗೆಳೆದದ್ದು ಕೇಳಿಸಿತು.

"ಹಸೀ ವಾಸ್ನೆ ಹೋಯ್ತು. ಇನ್ನೊಂದು ಉರಿ ಕೊಟ್ರೆ ಪಾಕ ಬತ್ತದೆ. ಆಗ ಕೆಂಪಣ್ಣ ನನ್ನ ಕರ್ಯಕ್ಕೆ ಬತ್ತಾನೆ. ಅಷ್ಟರೊಳಗೆ ನೋಡು."

"ಎಷ್ಟೊತ್ತವ್ವ?"

"ಮಾತಾಡ್ತಾ ನಿಂತ್ರೆ ಏನೂ ಇಲ್ಲ."

ಅವನು ಹಿತ್ತಿಲೆಲ್ಲ ತಡಕಾಡಿದ. ತಿಪ್ಪೆಯ ಪಕ್ಕ ಹಾರೆಯೊಂದು ಬಿದ್ದಿತ್ತು. ತಂದು ಬಾಗಿಲ ಅಡಿಗೆ ಕೊಟ್ಟ. ಹಾರೆಯ ಕೆಳಗೆ ಕಲ್ಲಿಟ್ಟು ಒತ್ತಿದ. ಕಲ್ಲು ಜಾರಿತು, ಪಂಡಿತ ಮೊಣಕೈ ತರಚಿಕೊಂಡು ಬಿದ್ದ.

"ಏನ್ಲಾ ಅದು?"

"ನಾನೇ ಅವ್ವ."

"ಘಮ ಏರ್ತಾ ಅದೆ. ಎದ್ದೇಳು ಮಗ."

ಮತ್ತೆ ಕಲ್ಲಿಟ್ಟ. ಹಾರೆಯ ತುದಿಯ ಮೇಲೆ ಮೈಯ ಭಾರವನ್ನೆಲ್ಲ ಬಿಟ್ಟು ನೇತಾಡಿದ. ಬಾಗಿಲು ಒಂದು ಕೂದಲೆಳೆಯಷ್ಟು ಮೇಲೆದ್ದಿತು.

"ಈಗ ಒಡೀರಿ! ಚೊಂಬಲ್ಲಿ ಚಿಲ್ಕಕ್ಕೆ ಒಡೀರಿ!"

ಒಳಗೆ ಠಣ್ ಎಂದಿತು. ಇನ್ನೊಂದು ಠಣ್. ಆಲೆಮನೆಯ ಕಡೆಯಿಂದ ಕೆಂಪಣ್ಣನ ಕೂಗು ಕೇಳಿಸಿತು: "ಅತ್ಗೆವ್ವಾ! ಪಾಕ ನೋಡು ಬಾ! ಅತ್ಗೆವ್ವಾ!" ಕೂಗು ಹಿತ್ತಿಲ ಬೇಲಿಯ ಹತ್ತಿರವೇ ಬಂತು. ಮೂರನೆಯ ಏಟಿಗೆ ಚಿಲಕ ಹಿಂದಕ್ಕೆ ಹಾರಿತು. ಚಿಕ್ಕಬೋರಮ್ಮ ಹೊರಗೆ ಬಂದವಳು ಅವನ ಕಡೆ ತಿರುಗಿಯೂ ನೋಡದೆ, ಕೈತೊಳೆದುಕೊಂಡು, ಕೋಲೂರಿ ಬೇಲಿಯ ಕಡೆ ನಡೆದಳು.

"ಏನಪ್ಪಾ ಅಂಗೆ ಬಡ್ಕೊಂತೀಯ, ಬಂದೆ. ಇಳುಸ್ರೋ, ಇಳುಸ್ರೋ!"

ಕೊಪ್ಪರಿಗೆ ಇಳಿದು ಬೆಲ್ಲ ಅಚ್ಚಿಗೆ ಹೋಗುವಷ್ಟರಲ್ಲಿ ಚಲುವರಾಜು ಹಿತ್ತಾಳೆಯ ಚಿಲಕವನ್ನು ಕಿತ್ತು ಚೀಲಕ್ಕೆ ಹಾಕಿದ್ದ. ಸೌದೆ ಕೊಟ್ಟಿಗೆಯಲ್ಲಿ ಸಿಕ್ಕಿದ ಹೊನ್ನೆಮರದ ತುಂಡನ್ನು ಮೊಳದುದ್ದ ಕೆತ್ತಿ, ಬಾಗಿಲಿಗೆ ಒಂದೇ ದಪ್ಪ ಮೊಳೆಯ ಮೇಲೆ ತಿರುಗುವ ಹಾಗೆ ಹೊಡೆದ. ಚೌಕಟ್ಟಿಗೆ ಅಗಲ ಬಾಯಿಯ ಕೊಕ್ಕೆ ಇಟ್ಟ. ಮೇಲಕ್ಕೆತ್ತಿ ಬಿಟ್ಟರೆ ಅಗುಳಿ ತನ್ನ ಭಾರಕ್ಕೆ ತಾನೇ ಕೊಕ್ಕೆಗೆ ಬೀಳುತ್ತದೆ. ಮೊಣಕೈಯಲ್ಲಿ ನೂಕಿದರೆ ಏಳುತ್ತದೆ. ಅದರ ಕೆಳಗೆ ಬಾಗಿಲಿಗೊಂದು ಸಣ್ಣ ತೂತು ಕೊರೆದ. ಹೊರಗಿನಿಂದ ಕಡ್ಡಿ ತೂರಿಸಿ ಎತ್ತಿದರೂ ಅಗುಳಿ ಏಳಬೇಕು.

ಚಿಕ್ಕಬೋರಮ್ಮ ವಾಪಸು ಬಂದು ತೂತನ್ನು ನೋಡಿದಳು. "ಹೊರಗಿಂದ ತೆಗ್ಯಂಗಿದ್ರೆ ಅದು ಎಂಥಾ ಅಗುಳೀಲಾ?"

"ನೀವು ಬಿದ್ದೋದ್ರೆ ಅವ್ವ..."

ಅವಳು ಮೊಂಡುಗೈಯಿಂದ ತೂತನ್ನು ಸವರಿದಳು. "ಕಡ್ಡಿ ಸೋಮಮ್ಮನ ಕೈಲಿರ್ಲಿ. ನಾನು ಕೂಗುದ್ರೆ ಮಾತ್ರ. ಈಗ ನೀನು ಒಳಗೋಗು."

"ನಾನಾ?"

"ಇನ್ನೇನು ನಿಮ್ಮ ಸಾವ್ಕಾರನಾ?"

ಅವಳ ಮಾತಿನಂತೆ ಎರಡು ಕೈಗೂ ಟವೆಲು ಸುತ್ತಿಕೊಂಡು ಅವನು ಒಳಗೆ ಹೋದ. ಬಾಗಿಲು ಮುಚ್ಚಿದಾಗ ಕತ್ತಲೆ ಮುಖಕ್ಕೆ ಬಂದು ಅಂಟಿತು. ಕಟ್ಟೆಯ ಮೇಲೆ ಕೂತು, ಎದ್ದು, ಮೊಣಕೈಯಲ್ಲಿ ಅಗುಳಿ ಎತ್ತಿದ. ಬಂತು. ಅವಳು ನಾಲ್ಕು ಸಲ ಮಾಡಿಸಿದಳು.

ನಾಲ್ಕನೆಯ ಸಲ ಅವನು ಹೊರಗೆ ಬರುವಾಗ ಕೆಂಪಣ್ಣ ಎದುರಿಗೆ ನಿಂತಿದ್ದ. ಹಿಂದೆ ಸೋಮಮ್ಮ, ಬೆಲ್ಲದ ಕೈ ತೊಳೆಯಲು ಬಂದ ಇಬ್ಬರು ಆಳುಗಳು. ಕೆಂಪಣ್ಣನ ಕಣ್ಣು ಸೀಳಿದ ಹಲಗೆಯಿಂದ ಹಾರೆಗೆ, ಹಾರೆಯಿಂದ ನೆಗ್ಗಿದ ಚೊಂಬಿಗೆ ಹೋಯಿತು.

"ಅತ್ಗೆವ್ವ, ನಾಲ್ಕು ಜನದ ಮುಂದೆ ಕೇಳ್ತಾವ್ನೆ ಅಂತ ಬ್ಯಾಸ್ರ ಮಾಡ್ಕಬ್ಯಾಡ. ನಾನು ಕೂಗ್ದಾಗ ನೀನು ಒಳಗೆ ಸಿಕ್ಕಾಕ್ಕೊಂಡಿದ್ದೆ ತಾನೆ?"

"ಇಲ್ಲ ಅಣ್ಣ, ಅಳತೆ ಸರಿಹೋಗ್ಲಿಲ್ಲ ಅಂತ ನಾನೇ..." ಎಂದು ಚಲುವರಾಜು ತಾನು ಹೊಂದಿಸಿಟ್ಟಿದ್ದ ಸುಳ್ಳನ್ನು ಶುರುಮಾಡಿದ. ಚಿಕ್ಕಬೋರಮ್ಮ ಮೊಂಡುಗೈಯನ್ನು ಅವನ ಎದೆಗೆ ಅಡ್ಡ ಹಿಡಿದು ಹಿಂದಕ್ಕೆ ಸರಿಸಿದಳು.

"ಊಂ ಕಣಪ್ಪ, ಸಿಕ್ಕಾಕ್ಕೊಂಡಿದ್ದೆ. ನಾಳೆಯಿಂದ ನೀನು ಬಾಗ್ಲು ತೆಕ್ಕೊಂಡು ಕೂತ್ಕೊ, ನಾವೆಲ್ಲಾ ಹಿತ್ಲಲ್ಲಿ ಓಡಾಡ್ಕೊಂಡಿರ್ತೀವಿ. ಅಂಗೆ ಎಂಟು ದಿನ ಕೂತು ತೋರ್ಸು, ಆಮೇಲೆ ಈ ಬಾಗ್ಲ ನಾನೇ ಕೀಳುಸ್ತೀನಿ."