ಅಂಜಲ್ ಮೀನಿನ ಪಾಲು ಮತ್ತು ಅಮೆರಿಕದ ಸಂವಿಧಾನ

ಗಲ್ಫಿನಲ್ಲಿ ನಾವಿದ್ದ ಉಮ್ ಅಲ್ ಹಸ್ಸಮ್ ಬಡಾವಣೆಯಲ್ಲಿ ನಮ್ಮ ಎದುರು ಮನೆಯವರೂ ಉಡುಪಿ ಕಡೆಯವರೇ. ಪ್ರತಿ ಶುಕ್ರವಾರ ಬೆಳಿಗ್ಗೆ ಅವರು ಮಾರ್ಕೆಟ್ಟಿನಿಂದ ಎರಡೂ ಮನೆಗೆ ಸೇರಿ ಒಂದು ದೊಡ್ಡ ಅಂಜಲ್ ತರುತ್ತಿದ್ದರು. ಕತ್ತರಿಸಿ ಎರಡು ಪಾಲು ಮಾಡುವುದು ಅವರ ಕೆಲಸ, ಮೊದಲು ಆರಿಸಿಕೊಳ್ಳುವುದು ನನ್ನದು. ಈ ನಿಯಮ ಹಾಕಿದವನು ನಾನೇ. ಸ್ನೇಹ ಇರಲಿ, ಅಂಜಲಿನ ನಡುತುಂಡಿನ ವಿಷಯದಲ್ಲಿ ನಾನು ದೇವರನ್ನೂ ನಂಬುವವನಲ್ಲ.

ಒಂದು ಗುರುವಾರ ಮಗಳು ಪರೀಕ್ಷೆಗೆಂದು ಅಮೆರಿಕದ ಸಂವಿಧಾನದ ಪಾಠ ಓದುತ್ತಿದ್ದಳು. ದೂರದ ರಾಜನನ್ನು ಒಟ್ಟಾಗಿ ಸೋಲಿಸಿದವರೇ ಆಮೇಲೆ ಕೂತು ಅದನ್ನು ಬರೆದರಂತೆ. ಕಾನೂನು ಮಾಡುವವರು ಒಬ್ಬರು, ನಡೆಸುವವರು ಇನ್ನೊಬ್ಬರು, ತಪ್ಪಿದರೆ ತೀರ್ಪು ಹೇಳುವವರು ಮತ್ತೊಬ್ಬರು.

"ಇಷ್ಟು ಡೌಟ್ ಯಾಕೆ ಪಪ್ಪಾ? ಅವರೆಲ್ಲ ಫ್ರೆಂಡ್ಸೇ ಅಲ್ವಾ?" ಎಂದಳು.

"ಫ್ರೆಂಡ್ಸ್ ಆದ ಕಾರಣವೇ ಮಗಾ. ಶತ್ರುವಿನ ಜೊತೆ ಯಾರು ಮೀನು ಪಾಲು ಮಾಡ್ತಾರೆ?" ಎಂದೆ. ಆ ಹಳೆಯ ಅಮೆರಿಕದವರ ಮೇಲೆ ನನಗೆ ಅವತ್ತು ಗೌರವ ಹುಟ್ಟಿತು. ತಾವೇ ಆರಿಸುವ ಅಧ್ಯಕ್ಷನನ್ನೂ ಮೊದಲೇ ಅನುಮಾನಿಸಿಟ್ಟ ಜನ!

ಮರುದಿನ ಎದುರು ಮನೆಯವರು ಇಡೀ ಮೀನನ್ನು ನನ್ನ ಮುಂದಿಟ್ಟು, ನಗುತ್ತಾ ಕತ್ತಿಯನ್ನೂ ಕೈಗೆ ಕೊಟ್ಟರು. "ಇಷ್ಟು ವರ್ಷ ಆಯ್ತಲ್ಲ ಮಾರಾಯ್ರೆ, ನಮ್ಮೊಳಗೆ ಇನ್ನೂ ಎಂಥದ್ದು ರೂಲ್ಸು? ಇವತ್ತು ನೀವೇ ಕಟ್ ಮಾಡಿ, ನೀವೇ ಆರಿಸಿ."

ನಾನು ಕತ್ತಿ ಕೆಳಗಿಟ್ಟು, ಮೀನು ಹಳತೇನೋ ಎಂದು ಕಿವಿರು ಎತ್ತಿ ನೋಡಿದೆ. ಕೆಂಪಗೇ ಇತ್ತು. ಆದರೂ ಒಮ್ಮೆ ಮೂಸಿದೆ.