ಮಗ್ಗದ ಗುಂಡಿಗೆ ಇಳಿದ ಥಿನ್ನರ್

ಜ್ವರ ಬಂದು ಹೋದ ಮೇಲೆ ನನ್ನ ಮೂಗು ಸತ್ತುಹೋಗಿತ್ತು. ಒಗ್ಗರಣೆಯ ವಾಸನೆಯಿಲ್ಲ, ಮಲ್ಲಿಗೆಯದಿಲ್ಲ, ನಾನು ಕೆಲಸ ಮಾಡುವ ಜವ್ವರಿಸಿ, ಅಂದರೆ ಸಬ್ಬಕ್ಕಿ, ಕಾರ್ಖಾನೆಯ ಹುಳಿ ನಾತ ಕೂಡ ಇಲ್ಲ. ಅದು ಒಳ್ಳೆಯದೇ ಆಯಿತೆಂದು ಆಫೀಸಿನಲ್ಲಿ ಎಲ್ಲರೂ ನಗುತ್ತಿದ್ದರು. ನಾನೂ ನಗುತ್ತಿದ್ದೆ.

ಸೇಲಂನ ನಮ್ಮ ಮನೆಯಲ್ಲಿರುವುದು ನಾನು, ಅವ್ವ ಇಬ್ಬರೇ. ಪಡಸಾಲೆಯಲ್ಲಿ ಅವ್ವನ ಗುಂಡಿಮಗ್ಗ. ನೆಲದಲ್ಲಿ ತೋಡಿದ ಗುಂಡಿಯೊಳಗೆ ಕಾಲು ಇಳಿಬಿಟ್ಟು ಕುಳಿತು ಅವಳು ಸೀರೆ ನೇಯುತ್ತಾಳೆ. ಅದರ ಪಕ್ಕದ ಕೋಣೆಯಲ್ಲಿ ರಜೆಯ ದಿನ ನಾನು ಅಂಗೈಯಗಲದ ಮಾದರಿ ಕಾರುಗಳಿಗೆ ಬಣ್ಣ ಹೊಡೆಯುತ್ತೇನೆ. ಪೆನ್ನಿನಷ್ಟು ಸಣ್ಣ ಏರ್‌ಬ್ರಷ್‌ನಿಂದ ಬಣ್ಣ ಮಂಜಿನ ಹಾಗೆ ಬರಬೇಕಾದರೆ ಥಿನ್ನರ್ ಬೆರೆಸಿ ಅದನ್ನು ಹಾಲಿನ ಹದಕ್ಕೆ ತರಬೇಕು. ಗಟ್ಟಿಯಾದರೆ ಕಾರಿನ ಮೈ ಕಿತ್ತಳೆ ಸಿಪ್ಪೆಯ ಹಾಗೆ ತರಿತರಿಯಾಗುತ್ತದೆ, ನೀರಾದರೆ ಇಳಿದು ಹರಿಯುತ್ತದೆ.

ಆ ಭಾನುವಾರ ಮಧ್ಯಾಹ್ನ ಜೋರು ಮಳೆ. ಎರಚಲು ಹೊಡೆಯುತ್ತದೆಂದು ಕಿಟಕಿ, ಬಾಗಿಲು ಎಲ್ಲ ಹಾಕಿದ್ದೆವು. ನಾನು ಕೆಂಪು ಬಣ್ಣಕ್ಕೆ ಥಿನ್ನರ್ ಬೆರೆಸಿ, ಬಟ್ಟಲಿನ ಗೋಡೆಯ ಮೇಲೆ ಅದು ಜಾರುವ ರೀತಿ ನೋಡುತ್ತಿದ್ದೆ. ಆಚೆ ಮಗ್ಗ ಟಕಟಕ ಎನ್ನುತ್ತಿತ್ತು. ಇದ್ದಕ್ಕಿದ್ದಂತೆ ಕರೆಂಟು ಹೋಯಿತು. ಮೋಡದ ಕತ್ತಲು ಮನೆ ತುಂಬಿತು. ಮಗ್ಗವೂ ನಿಂತಿತು.

"ಇರಮ್ಮೀ, ದೀಪ ಅಚ್ತೀನಿ. ತೀಪೆಟ್ಟಿ ಇಲ್ಲೇ ಐತೆ" ಎಂದಳು ಅವ್ವ.

ನಾನು ಕುರ್ಚಿಯಿಂದ ಕಾಲಿಳಿಸಿದೆ. ನೆಲ ಒದ್ದೆಯಾಗಿತ್ತು. ಸೂರು ಸೋರಿತೇನೋ ಎಂದುಕೊಂಡೆ. ಆದರೆ ಅದು ನೀರಿನ ತಂಪಲ್ಲ. ಅಂಗಾಲನ್ನು ಕಚ್ಚುವ ತಂಪು. ಬೆರಳಿಗೆ ತಾಕಿಸಿ ಹಳೆಯ ರೂಢಿಯಂತೆ ಮೂಗಿಗೆ ಹಿಡಿದೆ. ಏನೂ ಇಲ್ಲ. ನೋಡುತ್ತಿದ್ದಂತೆಯೇ ಬೆರಳು ಒಣಗಿಹೋಯಿತು.

ಗೋಡೆಯ ಬದಿಯಲ್ಲಿದ್ದ ಹೊಸ ಥಿನ್ನರ್ ಡಬ್ಬಿಯನ್ನು ಎತ್ತಿದೆ. ಹಗುರವಾಗಿತ್ತು. ತಳದ ಬೆಸುಗೆ ಬಿಟ್ಟಿತ್ತು. ನಮ್ಮ ಮನೆಯ ನೆಲ ಪಡಸಾಲೆಯ ಕಡೆಗೆ ಇಳಿಜಾರು. ಥಿನ್ನರಿನ ಆವಿ ಗಾಳಿಗಿಂತ ಭಾರ, ತಗ್ಗು ಹುಡುಕಿಕೊಂಡು ಹೋಗುತ್ತದೆ. ಮನೆಯಲ್ಲಿ ಇದ್ದ ತಗ್ಗು ಒಂದೇ, ಅದರಲ್ಲಿ ಅವ್ವ ಕುಳಿತಿದ್ದಳು.

ಬೆಂಕಿಪೆಟ್ಟಿಗೆಯಲ್ಲಿ ಕಡ್ಡಿಗಳು ಗಲಗಲ ಎಂದವು.

"ಅವ್ವಾ, ಗೀರಬ್ಯಾಡ!"

ಕೂಗಿದೆ, ಅವಳ ಕಿವಿಗೆ ಅದು ಬಿದ್ದಂತಿರಲಿಲ್ಲ. ಸರ್ ಎಂದು ಕಡ್ಡಿ ಗೀರಿದ ಸದ್ದು. ಹೊತ್ತಲಿಲ್ಲ. ಮಳೆಗಾಲಕ್ಕೆ ಮದ್ದು ಮೆತ್ತಗಾಗಿತ್ತು. ಅವಳು ಇನ್ನೊಂದು ಕಡ್ಡಿ ತೆಗೆಯುವಷ್ಟರಲ್ಲಿ ನಾನು ಪಡಸಾಲೆಗೆ ಹಾರಿ ಪೆಟ್ಟಿಗೆಯನ್ನು ಕಿತ್ತುಕೊಂಡೆ.

"ಏನಾಯ್ತಮ್ಮೀ ನಿಂಗೆ?" ಎಂದು ಅವ್ವ ನಕ್ಕಳು. ಆ ನಗು ಅವಳದಾಗಿರಲಿಲ್ಲ. ಕುಡಿದವರ ಹಾಗೆ ಮಾತು ಎಳೆಯುತ್ತಿತ್ತು.

"ಎದ್ದೇಳವ್ವ, ಬೇಗ ಆಚೆ ಬಾ."

"ಕಾಲು ನಿಲ್ತಾ ಇಲ್ಲ. ತಲೆ ಸುತ್ತೈತೆ. ಒಣ್ಣುಮಿಲ್ಲ, ಏನೂ ಆಗಿಲ್ಲ ಬುಡು."

ಕಂಕುಳಿಗೆ ಕೈ ಕೊಟ್ಟು ಎಳೆದೆ. ಅವಳ ಸೆರಗು ಮಗ್ಗದ ಎಳೆಗಳಿಗೆ ಸಿಕ್ಕಿಕೊಂಡಿತು, ಎಳೆಗಳು ಹರಿದರೂ ಬಿಡದೆ ಎಳೆದೆ. ಬಾಗಿಲು ತೆಗೆದು ಅವಳನ್ನು ಬೀದಿಯ ಮಳೆಯಲ್ಲಿ ಕೂರಿಸಿದಾಗ ಅವಳ ತಲೆ ನನ್ನ ಭುಜದ ಮೇಲೆ ಕಳಚಿಬಿದ್ದ ಹಾಗೆ ಬಿತ್ತು. ಅವಳು ಉಸಿರಾಡುತ್ತಿದ್ದಾಳೋ ಇಲ್ಲವೋ ನನಗೆ ತಿಳಿಯಲಿಲ್ಲ. ಕರೆಂಟು ಬಂದು ಎಲ್ಲಾದರೂ ಕಿಡಿ ಹಾರಿದರೆ? ಜಗಲಿಯಲ್ಲಿದ್ದ ಮೇನ್ ಸ್ವಿಚ್ಚನ್ನು ಕೆಳಗೆ ಎಳೆದೆ.

ಎದುರು ಮನೆಯ ತಮಿಳು ಅಕ್ಕ "ಎನ್ನಾಚ್ಚು?" ಎನ್ನುತ್ತ ಓಡಿಬಂದವಳು ಹೊಸ್ತಿಲಲ್ಲೇ ಮೂಗು ಮುಚ್ಚಿ ಹಿಂದೆ ಸರಿದಳು. ಅವಳ ಮುಖ ನೋಡಿದಾಗಲೇ ಮನೆಯೊಳಗೆ ಎಷ್ಟು ವಾಸನೆ ತುಂಬಿತ್ತೆಂದು ನನಗೆ ತಿಳಿದದ್ದು. ಅವಳ ಗಂಡ ಆಟೋ ತಂದರು.

ಆಸ್ಪತ್ರೆಯಲ್ಲಿ ಆಮ್ಲಜನಕ ಕೊಟ್ಟರು. ಸಂಜೆಯ ಹೊತ್ತಿಗೆ ಅವ್ವನ ನೋಟ ಸರಿಯಾಯಿತು. ಕಾಫಿ ಕೇಳಿದಳು. ಆಗ ನನಗೆ ಅಳು ಬಂತು.

"ಅಷ್ಟೊಂದು ವಾಸನೆ ಬಂದರೂ ನನ್ನ ಕರೆಯಲಿಲ್ಲವಲ್ಲವ್ವ?"

"ನಿನ್ ಪೈಂಟ್ ವಾಸ್ನೆ ದಿನಾ ಇರೋದೇ ತಾನೆ? ಇವತ್ತು ಸ್ವಲ್ಪ ಜಾಸ್ತಿ ಅಂದ್ಕೊಂಡೆ."

ಗುಂಡಿಯ ಆವಿ ಹೋಗುವ ಹಾಗೆ ಫ್ಯಾನು ಇಟ್ಟು, ಹರಿದ ಎಳೆಗಳನ್ನು ಕಟ್ಟಿ, ಒಂದು ವಾರದ ನಂತರ ಅವ್ವ ಮತ್ತೆ ಮಗ್ಗಕ್ಕೆ ಇಳಿದಳು. ನಾನು ಬಣ್ಣದ ಸಾಮಾನನ್ನೆಲ್ಲ ಮಹಡಿಯ ತಗಡಿನ ಮಾಡಿನ ಕೆಳಗೆ ಸಾಗಿಸಿದೆ. ಈಗ ನೀರಿನಲ್ಲಿ ತೆಳುವಾಗುವ ಬಣ್ಣವನ್ನೇ ಬಳಸುತ್ತೇನೆ, ಹೊಳಪು ಕಡಿಮೆ.

ಮೂಗು ಮಾತ್ರ ಇನ್ನೂ ಬಂದಿಲ್ಲ. ಬೆಳಿಗ್ಗೆ ಗ್ಯಾಸ್ ಒಲೆಯ ಮುಂದೆ ನಿಂತು ಅವ್ವನನ್ನು ಕೂಗುತ್ತೇನೆ: "ಏನಾದ್ರೂ ವಾಸನೆ ಐತಾ?"

"ಇಲ್ಲ, ಒಲೆ ಅಚ್ಚು" ಎನ್ನುತ್ತಾಳೆ.

ನಾನು ಇನ್ನೊಂದು ಸಲ ಕೇಳುತ್ತೇನೆ.